ಕತ್ತರಿ ಬಿದ್ದ ಪರಕಾರ

ಮಕ್ಕಳ ಹಳೇ ಬಟ್ಟೆ ಮಾರುವವರಿಗೆ ಗಟ್ಟಿ ಮೂಗು ಬೇಕು. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ, ವಾಪಸ್ ಬಂದ ಚೀಲಗಳೇ ಕಲಿಸಿದವು. ನೆರೂಳಿನ ಗಿರಾಕಿಯೊಬ್ಬಳು ನನ್ನಿಂದ ಬಿಳೀ ಫ್ರಾಕು ಕೊಂಡು ಐದನೇ ದಿನಕ್ಕೆ ‘ಸೈಜು ಆಗಲಿಲ್ಲ, ತೊಡಿಸಿಯೇ ಇಲ್ಲ, ದುಡ್ಡು ವಾಪಸ್ ಮಾಡಿ’ ಎಂದು ಬರೆದಳು. ಮುಂಬೈ ಪಕ್ಕದ ಠಾಣೆಯ ರೈಲು ಸ್ಟೇಷನ್ನಿನಲ್ಲಿ ಚೀಲವನ್ನು ನನ್ನ ಕೈಗೆ ತುರುಕಿ ಲೋಕಲ್ ಹಿಡಿದು ಹೋದಳು. ಮನೆಗೆ ಬಂದು ಬಿಚ್ಚಿದರೆ ಎದೆಯ ಮೇಲೆ ಕೇಕಿನ ಕ್ರೀಮು, ಕಂಕುಳಲ್ಲಿ ಪೌಡರು ಬೆವರು ಬೆರೆತು ಗಟ್ಟಿಯಾದ ಪದರ, ಬೆನ್ನ ತುಂಬ ಮಗು ಕಕ್ಕಿದ ಹಾಲಿನ ಹುಳಿ ನಾತ. ಜೇಬಿನಲ್ಲಿ ಅರ್ಧ ಚೀಪಿದ ಬಿಸ್ಕತ್ತು, ಅದಕ್ಕೆ ಮುತ್ತಿದ ಇರುವೆ. ಸಂಜೆಯ ಹೊತ್ತಿಗೆ ಅವಳ ಫೋನಿನ ಚಿತ್ರ ಬದಲಾಗಿತ್ತು. ತೊಡಿಸಿಯೇ ಇಲ್ಲದ ಆ ಫ್ರಾಕನ್ನು ತೊಟ್ಟ ಮಗು ಕೇಕಿನ ಮುಂದೆ ಕೂತು ನಗುತ್ತಿತ್ತು. ನಾನು ಬಾಯಿಗೆ ಬಂದದ್ದು ಬೈದುಕೊಂಡು ಬಕೆಟ್ಟಿಗೆ ಸೋಡಾ ಸುರಿದೆ.

ಇನ್ನೊಬ್ಬಳು ಪೈಜಾಮದ ಮೇಲೆ ಹಳದಿ ಕಲೆ ಇದೆ ಎಂದು ಫೋಟೊ ಕಳಿಸಿದಳು. ಕಲೆ ಇನ್ನೂ ಹಸಿಯಾಗಿತ್ತು. ಮೂರು ದಿನದ ಹಿಂದೆ ನಾನು ಕೊಟ್ಟ ಪೈಜಾಮದ ಕಲೆ ಅವಳ ಮನೆಗೆ ಹೋಗಿ ಹಸಿಯಾಯಿತಂತೆ. ಮತ್ತೊಬ್ಬಳು ನನ್ನ ಒಳ್ಳೆ ಜಾಕೀಟು ಇಟ್ಟುಕೊಂಡು, ಅದೇ ಬಣ್ಣದ ಜಿಪ್ ಹರಿದ ಬೇರೆ ಜಾಕೀಟನ್ನು ‘ನೀವು ಕೊಟ್ಟದ್ದು ಇದೇ’ ಎಂದು ತಂದುಕೊಟ್ಟಳು. ನೋಡಲು ಎಲ್ಲರೂ ಇಸ್ತ್ರಿ ಮಾಡಿದ ಕುರ್ತಾ ತೊಟ್ಟವರು, ಮಾತಿಗೊಮ್ಮೆ ‘ಡಿಯರ್’ ಅನ್ನುವವರು. ಮಗುವಿನ ಹೇಲುಚ್ಚೆ ತೊಳೆಯುವುದಕ್ಕೆ ನನಗೆ ಎಂದೂ ಅಸಹ್ಯವಾಗಿಲ್ಲ. ಆದರೆ ಆ ‘ಡಿಯರ್’ ಓದಿದಾಗೆಲ್ಲ ಫೋನನ್ನು ಬೋರಲು ಹಾಕಿಡುತ್ತಿದ್ದೆ.

ನಮ್ಮದು ಠಾಕುರ್ಲಿಯಲ್ಲಿ ಒಂದು ಕೋಣೆ, ಅಡುಗೆಮನೆಯ ಮನೆ. ಗಂಡನಿಗೆ ಡೊಂಬಿವಲಿಯ ಡಬ್ಬಿ ಕಾರ್ಖಾನೆಯಲ್ಲಿ ಕೆಲಸ. ಇಬ್ಬರು ಹೆಣ್ಣುಮಕ್ಕಳು, ಜೊತೆಗೆ ವಿಜಯಪುರ ಕಡೆಯಿಂದ ಬಂದ ನನ್ನ ಅತ್ತೆ. ಮಕ್ಕಳು ಬೆಳೆದಂತೆ ಬಟ್ಟೆ ಗಂಟುಗಟ್ಟಲೆ ಉಳಿಯಿತು, ಇಡಲು ಜಾಗವಿಲ್ಲ. ಕಲ್ಯಾಣದಿಂದ ನವಿ ಮುಂಬೈವರೆಗಿನ ತಾಯಂದಿರದ್ದೇ ಒಂದು ಗುಂಪು ಫೋನಿನಲ್ಲಿತ್ತು, ಅಲ್ಲಿ ಮಾರಲು ಶುರು ಮಾಡಿದೆ. ನಮ್ಮವು ಮುಗಿದ ಮೇಲೂ ಚಟ ಬಿಡಲಿಲ್ಲ. ನೆರೆಹೊರೆಯವರ ಮಕ್ಕಳ ಬಟ್ಟೆಯನ್ನೂ ತಂದು ಮಾರಿದೆ. ನಾನು ಫೋಟೊ ತೆಗೆದು ಗುಂಪಿಗೆ ಹಾಕುವುದು, ಅತ್ತೆ ಮಡಚಿ ಚೀಲಕ್ಕೆ ತುಂಬಿ ಬಾಯಿಗೆ ಪಿನ್ನು ಹೊಡೆಯುವುದು. ಕೊಡುವುದು ಸ್ಟೇಷನ್ನಿನಲ್ಲಿ, ರೈಲಿನ ಹೊತ್ತು ತೋರಿಸುವ ಇಂಡಿಕೇಟರ್ ಕೆಳಗೆ. ಅಲ್ಲಿ ನಿಂತರೆ ಯಾರನ್ನೂ ಹುಡುಕಬೇಕಾಗಿಲ್ಲ. ಎರಡು ರೈಲಿನ ನಡುವೆ ವ್ಯಾಪಾರ ಮುಗಿಯುತ್ತದೆ.

ಗುಂಪಿನಲ್ಲಿ ನನಗೆ ಒಳ್ಳೆಯ ಹೆಸರಿತ್ತು, ಅದರ ಜಂಬವೂ ಇತ್ತು. ನಾನು ‘ಚೂರೂ ಡ್ಯಾಮೇಜ್ ಇಲ್ಲ’ ಎಂದು ಬರೆದರೆ ಅದು ಕಲ್ಲಿನ ಮೇಲೆ ಬರೆದ ಹಾಗೆ. ಹೀಗಿರುವಾಗ ಒಬ್ಬಳು, ಸ್ವೆಟರಿನ ಒಳಅಂಚಿನಲ್ಲಿ ಒಂದು ಚೂರು ಕತ್ತರಿಸಿ ಹೋಗಿದೆ ಎಂದಳು. ಹತ್ತು ದಿನ ಬಿಟ್ಟು ಇನ್ನೊಬ್ಬಳು, ಫ್ರಾಕಿನ ಒಳಮಡಿಕೆಯಲ್ಲಿ ಅಂಥದೇ ತೂತು ಎಂದಳು. ಎರಡೂ ನನ್ನ ಮಕ್ಕಳ ಬಟ್ಟೆ. ಫೋಟೊ ತೆಗೆಯುವಾಗ ನಾನೇ ಒಳಹೊರಗೆ ತಿರುಗಿಸಿ ನೋಡಿದ್ದೆ, ಏನೂ ಇರಲಿಲ್ಲ. ಸರಿ, ವಾಪಸ್ ಕೊಡಲು ಹೊಸ ನೆವ ಹುಟ್ಟಿದೆ, ತಾವೇ ಕತ್ತರಿ ಆಡಿಸಿ ದುಡ್ಡು ಕೇಳುತ್ತಿದ್ದಾರೆ ಎಂದು ತೀರ್ಮಾನಿಸಿದೆ. ಇಬ್ಬರಿಗೂ ಒಂದು ಪೈಸೆ ಕೊಡಲಿಲ್ಲ. ನೆರೆಯವರ ಮಕ್ಕಳ ಬಟ್ಟೆಗೆ ಬೀಳದ ಕತ್ತರಿ ನನ್ನ ಮಕ್ಕಳ ಬಟ್ಟೆಗೇ ಯಾಕೆ ಬೀಳುತ್ತಿದೆ ಎಂದು ಯೋಚಿಸಬೇಕಿತ್ತು. ನಮ್ಮ ಬಟ್ಟೆ ಚೆಂದ ಇದ್ದದ್ದಕ್ಕೆ ಎಂದುಕೊಂಡೆ.

ಮೂರನೆಯವಳು ವಿಠ್ಠಲವಾಡಿಯವಳು. ಕಲಬುರಗಿ ಕಡೆಯ ಹೆಂಗಸು, ಗಂಡ ಲೋಡಿಂಗ್ ಕೆಲಸದವನು. ಅವಳೂ ಅದೇ ಗುಂಪಿನಲ್ಲಿ ಮಕ್ಕಳ ಕೌದಿ ಮಾರುತ್ತಿದ್ದಳು. ಹಳೇ ಸೀರೆಯ ತುಂಡುಗಳನ್ನು ಕೂಡಿಸಿ ಕೈಯಲ್ಲೇ ಸಣ್ಣ ಸಣ್ಣ ಹೊಲಿಗೆ ಹಾಕಿದ ಕೌದಿ. ಇಲ್ಲಿಯವರು ಗೋಧಡಿ ಅನ್ನುತ್ತಾರೆ. ನೋಡಿದವರು ಬಿಡುವಂತಿರಲಿಲ್ಲ. ಅವಳು ತನ್ನ ಮಗಳ ಜವಳಕ್ಕೆ, ಮೊದಲ ಕೂದಲು ತೆಗೆಸುವ ಶಾಸ್ತ್ರಕ್ಕೆಂದು, ನನ್ನ ದೊಡ್ಡ ಮಗಳು ಕೂಸಾಗಿದ್ದಾಗಿನ ಹಸಿರು ಪರಕಾರ, ಪೋಲಕ, ಅಂದರೆ ಲಂಗ ರವಿಕೆ, ತೆಗೆದುಕೊಂಡಳು. ಡೊಂಬಿವಲಿ ಸ್ಟೇಷನ್ನಿನಲ್ಲಿ ಕೊಟ್ಟು ಬಂದೆ. ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದಳು, ಚೀಲವನ್ನು ಬಿಚ್ಚಿಯೂ ನೋಡದೆ ಎದೆಗವಚಿಕೊಂಡು ಹೋದಳು.

ಮರುದಿನ ಫೋನು ಬಂತು.

“ಅಕ್ಕಾ, ಪರಕಾರದ ಅಂಚಿನಾಗ ಉಗುರಿನಷ್ಟು ತುಂಡು ಕತ್ತರಿಸಿ ತೆಗದಾರ. ತುಂಡು ತೆಗೆದ ಅರಿವಿ ಕೂಸಿಗಿ ಹಾಕಬ್ಯಾಡ ಅಂತ ನಮ್ಮ ಅತ್ತಿ ಹಟ ಹಿಡದಾರ. ವಾಪಸ್ ತಗೋರಿ.”

“ನಾ ಕೊಟ್ಟಾಗ ಸರಿ ಇತ್ತು. ಚೀಲ ಬಿಚ್ಚುವಾಗಿನ ವಿಡಿಯೊ ಐತೇನು?” ಎಂದೆ.

“ವಿಡಿಯೊ ಯಾರು ಮಾಡ್ತಾರ್ರಿ? ಇದು ಹರದದ್ದಲ್ಲ, ಕತ್ತರಿಲೆ ಬೇಕಂತ ಕತ್ತರಿಸಿದ್ದು. ನಿಮ್ಮ ಮನ್ಯಾಗ ದೊಡ್ಡೋರಿಗಿ ಒಮ್ಮಿ ಕೇಳ್ರಿ.”

ನನಗೆ ನೆತ್ತಿಗೇರಿತು. ನನ್ನ ಮನೆಯವರನ್ನೇ ಕಳ್ಳರ ಪಟ್ಟಿಗೆ ಸೇರಿಸುತ್ತಿದ್ದಾಳಲ್ಲ! “ನಮ್ಮ ಮನಿ ಸುದ್ದಿ ನಿನಗ್ಯಾಕ?” ಎಂದು ಫೋನು ಇಟ್ಟೆ.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಕೇಕಿನ ಕ್ರೀಮು, ಹಸಿ ಕಲೆ, ಬದಲಾದ ಜಾಕೀಟು, ಎಲ್ಲವೂ ಒಟ್ಟಿಗೆ ತಲೆಗೆ ಬಂದವು. ನೆರೂಳಿನವಳಿಗೆ ಹೇಳಲು ಧೈರ್ಯ ಸಾಲದ್ದನ್ನೆಲ್ಲ ಇವಳ ಮೇಲೆ ಸುರಿಯಲು ಕೂತೆ. ನೆರೂಳಿನವಳು ಹತ್ತು ಗಿರಾಕಿ ತರುವವಳು, ಇವಳು ಲೋಡಿಂಗ್‌ನವನ ಹೆಂಡತಿ. ಲೆಕ್ಕ ಹಾಕಿ ಬೈದೆ ಅಂತಲ್ಲ, ಆದರೆ ಕೋಪಕ್ಕೂ ಯಾರ ಮೇಲೆ ಹಾರಬೇಕು ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರೆ. ನನ್ನ ಕೋಪ ನನಗಿಂತ ಬಡವಳ ದವಡೆಗೆ ಮೂಲವಾಯಿತು.

ಪರಕಾರದ ಮೊದಲಿನ ಫೋಟೊ, ಅವಳು ಕಳಿಸಿದ ಫೋಟೊ ಎರಡನ್ನೂ ಅಕ್ಕಪಕ್ಕ ಇಟ್ಟು ಗುಂಪಿನಲ್ಲಿ ಹಿಂದಿಯಲ್ಲಿ ಬರೆದೆ. ‘ಎಚ್ಚರ. ಈಕೆ ಬಟ್ಟೆ ಕೊಂಡು, ಕತ್ತರಿಸಿ, ದುಡ್ಡು ವಾಪಸ್ ಕೇಳುತ್ತಾಳೆ. ಈಕೆಯ ಗೋಧಡಿಗೆ ತುಂಡುಗಳು ಎಲ್ಲಿಂದ ಬರುತ್ತವೆ ಎಂದು ಈಗ ತಿಳಿಯಿತು.’ ಕೊನೆಯ ಸಾಲು ಬರೆದಾಗ ನನಗೆ ನನ್ನ ಜಾಣತನದ ಬಗ್ಗೆ ಭಾರಿ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಎರಡೇ ನಿಮಿಷದಲ್ಲಿ ಹೆಬ್ಬೆರಳಿನ ಗುರುತುಗಳು ಸಾಲುಗಟ್ಟಿದವು. ‘ಇಂಥವರಿಂದಲೇ ಗುಂಪು ಹಾಳಾಗುವುದು’ ಎಂದು ಬರೆದವರಲ್ಲಿ ನೆರೂಳಿನವಳೇ ಮೊದಲಿಗಳು. ಗುಂಪಿನ ಅಡ್ಮಿನ್ ವಿಠ್ಠಲವಾಡಿಯವಳನ್ನು ತೆಗೆದುಹಾಕಿದಳು. ಅವಳಿಗೆ ಒಂದು ಮಾತು ಬರೆಯಲೂ ಪುರುಸೊತ್ತು ಸಿಗಲಿಲ್ಲ. ಅವತ್ತು ಊಟಕ್ಕೆ ಎರಡು ರೊಟ್ಟಿ ಜಾಸ್ತಿ ತಿಂದೆ.

ಎರಡು ವಾರ ಕಳೆದಿರಬೇಕು. ಒಂದು ಮಧ್ಯಾಹ್ನ ಕೆಳಗೆ ಹಾಲು ತರಲು ಹೋದವಳು ಚಿಲ್ಲರೆ ಮರೆತು ಅರ್ಧ ಮೆಟ್ಟಿಲಿಂದ ವಾಪಸ್ ಬಂದೆ. ಅತ್ತೆ ಕಿಟಕಿಯ ಬೆಳಕಿಗೆ ಕೂತು ನನ್ನ ಚಿಕ್ಕ ಮಗಳ ಅಂಗಿಯನ್ನು ತಿರುವಿ ಹಿಡಿದು, ಒಳಅಂಚಿಗೆ ಕತ್ತರಿ ಹಾಕುತ್ತಿದ್ದರು. ಚಚ್ಚೌಕವಾಗಿ, ಉಗುರಿನಷ್ಟೇ. ಆ ಚೂರನ್ನು ಹಣೆಗೊತ್ತಿಕೊಂಡು ಪಕ್ಕದ ಅರಿವೆಯ ಗಂಟಿನಲ್ಲಿ ಹಾಕಿದರು. ಗಂಟು ಬಿಚ್ಚಿಯೇ ಇತ್ತು. ಅದರೊಳಗೆ ಸ್ವೆಟರಿನ ಚೂರು, ಫ್ರಾಕಿನ ಚೂರು, ಜರಿಯಂಚಿನ ಹಸಿರು ಚೂರು.

ಬಾಗಿಲಿನಿಂದಲೇ ಕೇಳಿದೆ: “ಏನ್ ಮಾಡಾಕತ್ತೀರಿ ಅತ್ತಿ?”

ಅವರಿಗೆ ಗಾಬರಿಯೇನೂ ಆಗಲಿಲ್ಲ. “ಕಾಣಾಂಗಿಲ್ಲೇನು? ನಮ್ಮ ಕೂಸಿನ ಮೈಮ್ಯಾಲಿನ ಅರಿವಿ ಹಂಗಽ ಮಂದಿ ಮನಿಗೆ ಕಳಸ್ತಾರೇನು? ಕೂಸಿನ ಕಳಾ ಎಲ್ಲಾ ಅದರ ಕೂಡ ಹೋಗ್ತೈತಿ. ಒಂದು ಚೂರರೆ ಮನ್ಯಾಗ ಉಳೀಬೇಕು.”

“ನನಗ್ಯಾಕ ಹೇಳಲಿಲ್ಲ?”

“ಇದರಾಗ ಹೇಳೂದೇನೈತಿ? ನಿಮ್ಮವ್ವ ನಿನಗ ಕಲಿಸಿರಬೇಕು ಅಂತ ತಿಳಕೊಂಡಿದ್ದೆ.”

“ತುಂಡು ಹೋಗೈತಿ ಅಂತ ಮಂದಿ ರೊಕ್ಕ ವಾಪಸ್ ಕೇಳಾಕತ್ತಾರ್ರಿ!”

“ಹಳೀ ಅರಿವಿ ತಗೊಳ್ಳಾವ್ರಿಗೆ ಇಷ್ಟೂ ತಿಳಿಯಂಗಿಲ್ಲೇನು?” ಎಂದು ಅವರು ಅಂಗಿಯನ್ನು ಮಡಚಿ ಚೀಲಕ್ಕೆ ಹಾಕಿ ಟಕ್ಕೆಂದು ಪಿನ್ನು ಹೊಡೆದರು.

ನಾನು ಹುಟ್ಟಿ ಬೆಳೆದದ್ದು ಕಲ್ಯಾಣದಲ್ಲಿ. ನನ್ನ ತಾಯಿ ಮೂರು ಮನೆಯ ಅಡುಗೆ ಮಾಡಿ ಬಂದು ಬೀಳುತ್ತಿದ್ದವಳು, ಇಂಥದ್ದನ್ನೆಲ್ಲ ಕಲಿಸುವಷ್ಟು ವ್ಯವಧಾನ ಅವಳಿಗಿರಲಿಲ್ಲ. ನನಗೆ ಗೊತ್ತಿಲ್ಲದ್ದು ವಿಠ್ಠಲವಾಡಿಯವಳಿಗೆ ಗೊತ್ತಿತ್ತು. ‘ದೊಡ್ಡೋರಿಗಿ ಒಮ್ಮಿ ಕೇಳ್ರಿ’ ಅಂದದ್ದು ಅದಕ್ಕೇ. ಕಳ್ಳರು ಅನ್ನಲಿಲ್ಲ ಅವಳು, ದಾರಿ ತೋರಿಸಿದ್ದಳು. ನಾನು ಪಕ್ಕಕ್ಕೆ ತಿರುಗಿ ಅತ್ತೆಯನ್ನು ಒಂದು ಮಾತು ಕೇಳಿದ್ದರೆ ಮುಗಿದುಹೋಗುತ್ತಿತ್ತು. ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ಕಂಡಿತಂತೆ. ಇಲ್ಲಿ ಆ ನೊಣವೂ ಇರಲಿಲ್ಲ.

ಇಷ್ಟು ತಿಳಿದ ಮೇಲೂ ನಾನು ಮೂರು ದಿನ ಸುಮ್ಮನಿದ್ದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ಮೊದಲ ದಿನ ಅತ್ತೆಯ ಮೇಲೆ ಸಿಟ್ಟು ಮಾಡಿಕೊಂಡು ಕಳೆದೆ. ಎರಡನೇ ದಿನ, ಯಾರಿಗೂ ಗೊತ್ತಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಮೂರನೇ ದಿನ ಸ್ವೆಟರಿನವಳಿಗೂ ಫ್ರಾಕಿನವಳಿಗೂ ವಿಠ್ಠಲವಾಡಿಯವಳಿಗೂ ಸದ್ದಿಲ್ಲದೆ ಫೋನಿನಿಂದಲೇ ದುಡ್ಡು ಹಾಕಿಬಿಟ್ಟೆ. ಒಂದು ಮಾತೂ ಬರೆಯಲಿಲ್ಲ. ಇಬ್ಬರು ‘ಥ್ಯಾಂಕ್ಸ್ ಡಿಯರ್’ ಎಂದರು. ವಿಠ್ಠಲವಾಡಿಯಿಂದ ಅಷ್ಟೂ ದುಡ್ಡು ಹತ್ತೇ ನಿಮಿಷದಲ್ಲಿ ವಾಪಸ್ ಬಂತು. ಅದರ ಹಿಂದೆಯೇ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಒಂದು ಸಾಲು: ‘ಮಂದಿ ಮುಂದ ಅಂದದ್ದು ಮಂದಿ ಮುಂದೇ ವಾಪಸ್ ತಗೋರಿ.’

ನಾಕೈದು ಸಲ ಓದಿದೆ. ವಾಪಸಾತಿಯ ಜಗಳದಲ್ಲಿ ಹಣ್ಣಾದವಳು ನಾನು, ಯಾವ ಮಾತಿಗೆ ಯಾವ ಉತ್ತರ ಎಂದು ಬಾಯಿಪಾಠ. ಗುಂಪಿಗೆಂದು ಒಂದು ಬರಹ ತಯಾರು ಮಾಡಿದೆ. ‘ಕೆಲವು ತಪ್ಪು ತಿಳಿವಳಿಕೆಯಿಂದ ಹೀಗಾಗಿದೆ, ಎರಡೂ ಕಡೆಯವರು ಮರೆತು ಮುಂದೆ ಹೋಗೋಣ.’ ಓದಿ ನೋಡಿದರೆ ಹಸಿ ಕಲೆಯ ಪೈಜಾಮದವಳು ಬರೆದ ಹಾಗೇ ಇತ್ತು. ಎರಡೂ ಕಡೆಯವರಂತೆ! ಥೂ ಎಂದು ಅಳಿಸಿ ಚಪ್ಪಲಿ ಮೆಟ್ಟಿದೆ.

ವಿಠ್ಠಲವಾಡಿ ಸ್ಟೇಷನ್ನಿನಲ್ಲಿ ಇಳಿದು ಫೋನು ಮಾಡಿದೆ. ಬರುತ್ತಾಳೋ ಇಲ್ಲವೋ ಅನ್ನಿಸಿತ್ತು, ಬಂದಳು. ಕೂಸಿನ ತಲೆ ಬೋಳಾಗಿತ್ತು, ಜವಳ ಮುಗಿದಿತ್ತು. ಅವಳ ಕೈಯಲ್ಲಿ ನನ್ನದೇ ಚೀಲ. ಪರಕಾರ ಪೋಲಕವನ್ನು ಒಗೆದು, ನೀಟಾಗಿ ಮಡಚಿ ತಂದಿದ್ದಳು. ಇಷ್ಟು ದಿನದಲ್ಲಿ ನನಗೆ ಶುದ್ಧವಾಗಿ ವಾಪಸ್ ಬಂದ ಬಟ್ಟೆ ಅದೊಂದೇ. ನಾನು ಅತ್ತೆಯ ಕತ್ತರಿಯ ಕತೆ ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು.

“ಗೊತ್ತಿತ್ತು ಅಕ್ಕಾ. ನಮ್ಮ ಕಡಿನೂ ಮಾಡ್ತಾರ, ಅದಕ್ಕಽ ನಮ್ಮತ್ತಿ ಅಂಥಾ ಅರಿವಿ ಶುಭಕ್ಕ ಬ್ಯಾಡ ಅಂದ್ರು. ನಿಮ್ಮ ಅತ್ತಿದು ತಪ್ಪಿಲ್ಲ, ಮೊಮ್ಮಕ್ಕಳ ಸಲುವಾಗಿ ಮಾಡ್ಯಾರ.”

“ತಪ್ಪಾತು” ಎಂದೆ. “ಈ ರೊಕ್ಕ ತಗೊ.”

“ರೊಕ್ಕ ಆಮ್ಯಾಲ. ಕೌದಿ ಮಾರಿ ಕೂಸಿನ ಹಾಲು, ಔಷಧಿ ನಾನೇ ನೋಡ್ಕೋತಿದ್ದೆ. ಗಂಡನ ಮುಂದ ಕೈ ಚಾಚತಿದ್ದಿಲ್ಲ. ನೀವು ಬರದ ಮ್ಯಾಲ ಒಂದೂ ಹೋಗಿಲ್ಲ. ಹೇಳಿ ಇಟ್ಟ ಎರಡು ಮಂದಿನೂ ಬ್ಯಾಡ ಅಂದ್ರು. ಮೊದಲ ಅಲ್ಲಿ ಬರೀರಿ.”

ಅಳಲಿಲ್ಲ, ಬೈಯಲೂ ಇಲ್ಲ. ಎರಡರಲ್ಲಿ ಒಂದು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ಕಲ್ಯಾಣದ ಲೋಕಲ್ ಬಂತು, ಕೂಸಿನ ಕಿವಿ ಮುಚ್ಚಿ ಹಿಡಿದು ರೈಲು ನಿಲ್ಲುವವರೆಗೆ ನಿಂತಳು, ಆಮೇಲೆ ಬ್ರಿಡ್ಜ್ ಹತ್ತಿ ಹೋದಳು.

ಮನೆಗೆ ಬಂದು ಬರೆದೆ. ತುಂಡು ಕತ್ತರಿಸಿದ್ದು ನಮ್ಮ ಮನೆಯಲ್ಲೇ, ಆಕೆ ನಿಜ ಹೇಳಿದ್ದಳು, ವಿಚಾರಿಸದೆ ಕಳ್ಳಿ ಎಂದದ್ದು ನಾನು, ಗೋಧಡಿಯ ಬಗ್ಗೆ ಬರೆದದ್ದು ಪೂರಾ ನನ್ನ ಕಲ್ಪನೆ, ಆಕೆಯನ್ನು ಮತ್ತೆ ಸೇರಿಸಿ. ಒಂದು ಸಾಲೂ ಮೃದು ಮಾಡಲಿಲ್ಲ. ನನ್ನ ಹೆಸರು ಮಣ್ಣುಪಾಲಾಗುತ್ತದೆ, ಎಲ್ಲರೂ ಉಗಿಯುತ್ತಾರೆ ಎಂದು ಎದೆ ಗಟ್ಟಿ ಮಾಡಿಕೊಂಡು ಕೂತೆ. ಉಗಿಸಿಕೊಳ್ಳುವ ಆಸೆಯೂ ಒಳಗೆಲ್ಲೋ ಇತ್ತು.

ಯಾರೂ ಉಗಿಯಲಿಲ್ಲ. ಕೆಂಪು ಹೃದಯಗಳು ಬಂದವು. ‘ಸೋ ಕ್ಯೂಟ್, ನಿಮ್ಮ ಅತ್ತೆ!’ ‘ಅಜ್ಜಿಯರ ಪ್ರೀತಿಯೇ ಹಾಗೆ.’ ‘ಆ ಗಂಟಿನ ಫೋಟೊ ಹಾಕಿ ಪ್ಲೀಸ್.’ ನೆರೂಳಿನವಳಂತೂ ನನಗೆ ಬೇರೆಯಾಗಿ ಬರೆದಳು: ‘ನೀವು ಇಷ್ಟು ದೊಡ್ಡ ಮನಸ್ಸಿನವರು ಅಂತ ಗೊತ್ತಿರಲಿಲ್ಲ ಡಿಯರ್. ಅಂಥವರಿಗೆ ಇಷ್ಟೆಲ್ಲ ಹೇಳುವ ಅಗತ್ಯವಿರಲಿಲ್ಲ.’ ಅಂಥವರು! ಕೇಕು ಮೆತ್ತಿದ ಫ್ರಾಕಿನವಳ ಬಾಯಲ್ಲಿ ಆ ಮಾತು. ಎದ್ದು ಅಡುಗೆಮನೆಯ ಮೂಲೆಯ ಮೋರಿಗೆ ಹೋಗಿ ಬಾಯಿ ಮುಕ್ಕಳಿಸಿದೆ. ಒಬ್ಬಳ ಬಾಳಿಗೆ ಬಿದ್ದ ಕಲೆಯನ್ನು ಇವರು ಅಜ್ಜಿಯ ಪ್ರೀತಿ ಎಂದು ನಕ್ಕು ಮುಗಿಸಿದ್ದರು. ನನ್ನ ಹೆಸರಿಗೆ ಒಂದಿಷ್ಟೂ ಕುಂದು ಬರಲಿಲ್ಲ, ಇನ್ನೆರಡು ಗಿರಾಕಿ ಹೆಚ್ಚಾದರು.

ಅಡ್ಮಿನ್ ವಿಠ್ಠಲವಾಡಿಯವಳನ್ನು ಮತ್ತೆ ಸೇರಿಸಿದಳು. ದುಡ್ಡು ಕಳಿಸಿದೆ, ಈ ಸಲ ವಾಪಸ್ ಬರಲಿಲ್ಲ. ಅಲ್ಲಿಗೆ ಮುಗಿಯಿತು ಎಂದು ನಾನೂ ಉಸಿರು ಬಿಟ್ಟೆ. ನಾಲ್ಕು ದಿನಕ್ಕೆ ಅವಳು ಒಂದು ಹೊಸ ಕೌದಿಯ ಚಿತ್ರ ಹಾಕಿದಳು. ನಡುವೆ ಹಳದಿ ಚೌಕ, ಸುತ್ತ ನೀಲಿ, ಕೆಂಪು, ಮತ್ತೆ ನೀಲಿ. ಬೇರೆ ದಿನಗಳಲ್ಲಾಗಿದ್ದರೆ ಅರ್ಧ ಗಂಟೆಯಲ್ಲಿ ಯಾರಾದರೂ ಹಿಡಿದುಕೊಳ್ಳುತ್ತಿದ್ದರು. ಸಂಜೆಯವರೆಗೆ ಒಬ್ಬರೂ ಮಾತಾಡಲಿಲ್ಲ. ಆಮೇಲೆ ಯಾರೋ ಒಬ್ಬಳು, ನಾನು ಎಂದೂ ಮಾತಾಡಿಸದ ಹೆಂಗಸು, ನಗುವ ಮುಖವೊಂದನ್ನು ಅಂಟಿಸಿ ಬರೆದಳು: ‘ತುಂಡುಗಳು ಎಲ್ಲಿಂದ?’

ಅದು ನನ್ನ ಮಾತು. ನಾನು ಹಿಂತೆಗೆದುಕೊಂಡಿದ್ದೆ, ಅದು ಹಿಂದೆ ಬಂದಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವ್ವ ಹೇಳುತ್ತಿದ್ದಳು. ಆಡಿದ ಮಾತು ಎಲ್ಲಿಗೂ ಹೋಗುವುದಿಲ್ಲ, ಬೇರೆಯವರ ಬಾಯಲ್ಲಿ ಉಳಿಯುತ್ತದೆ. ನಾನು ‘ಇದು ತಮಾಷೆಯಲ್ಲ, ತಪ್ಪು ನನ್ನದೆಂದು ಬರೆದಿದ್ದೇನೆ’ ಎಂದು ಬರೆದು ಕಳಿಸುವಷ್ಟರಲ್ಲಿ ವಿಠ್ಠಲವಾಡಿಯವಳ ಉತ್ತರ ಬಂದುಬಿಟ್ಟಿತು. ತಪ್ಪುತಪ್ಪು ಹಿಂದಿಯಲ್ಲಿ, ಒಂದೊಂದೇ ಸಾಲಾಗಿ. ಹಳದಿ ನನ್ನ ಮದುವೆಯ ಸೀರೆ. ನೀಲಿ ನನ್ನ ಅಕ್ಕನದು, ಅವಳೇ ಕೊಟ್ಟಳು. ಕೆಂಪು ಅತ್ತೆಯದು, ಹರಿದಿತ್ತು. ಕೆಳಗಿನ ನೀಲಿ ನಾನು ಕೂಸು ಹೆತ್ತಾಗ ಉಟ್ಟದ್ದು, ಮೂರು ಸಲ ಒಗೆದಿದ್ದೇನೆ. ನಂಬಿಕೆ ಇಲ್ಲದವರು ಮನೆಗೆ ಬಂದು ಸೀರೆ ನೋಡಬಹುದು.

ಹೆರಿಗೆಯಲ್ಲಿ ಉಟ್ಟ ಸೀರೆಯ ಲೆಕ್ಕವನ್ನು ಅಷ್ಟು ಜನ ಅಪರಿಚಿತರ ಮುಂದೆ ಅವಳ ಕೈಯಿಂದ ಹೇಳಿಸಿದವಳು ನಾನು. ಅಲ್ಲಿಯವರೆಗೆ ವಾಪಸ್ ಬಂದ ಯಾವ ಹೊಲಸು ಚೀಲವನ್ನು ಬಿಚ್ಚಿದಾಗಲೂ ನನಗೆ ಅಷ್ಟು ಹೇಸಿಗೆಯಾಗಿರಲಿಲ್ಲ. ‘ಈ ಕೌದಿ ನನಗೆ ಬೇಕು’ ಎಂದು ಎಲ್ಲರಿಗೂ ಕಾಣುವಂತೆ ಬರೆದೆ. ಅವಳು ಅದನ್ನು ಓದಿದ್ದು ಫೋನಿನಲ್ಲಿ ಕಾಣಿಸಿತು. ಮರುದಿನ ಬೆಳಗ್ಗೆ ನೋಡಿದರೆ ಕೌದಿಯ ಚಿತ್ರವನ್ನು ಅಳಿಸಿದ್ದಳು, ಗುಂಪು ಬಿಟ್ಟು ಹೋಗಿದ್ದಳು. ಈ ಸಲ ಅವಳನ್ನು ಯಾರೂ ತೆಗೆದುಹಾಕಿರಲಿಲ್ಲ.